ಗ್ರಾಮ ಪಂಚಾಯತಿಯ ಡಿಜಿಟಲ್ ಕ್ಯಾಮೆರಾ: ಮೊದಲ ಬಳಕೆ ಮತ್ತು ಜೋಪಾನ

ಚರಂಡಿಯ ತಳಕ್ಕೆ ಹಾಕಿದ ಬೆಡ್ ಕಾಂಕ್ರೀಟು, ಸಿಮೆಂಟ್ ರಸ್ತೆಯ ಕೆಳಗಿನ ಜಲ್ಲಿಯ ಹಾಸು, ನೀರಿನ ಕೊಳವೆ ಹೂಳಲು ತೋಡಿದ ಗುಂಡಿಯ ಆಳ, ಇವು ಮೂರೂ ಕಾಮಗಾರಿ ಮುಗಿದ ದಿನದಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ವರ್ಷಗಳ ಬಳಿಕ ಲೆಕ್ಕಪರಿಶೋಧಕರೋ ಸಾಮಾಜಿಕ ಪರಿಶೋಧನಾ ತಂಡವೋ ಪ್ರಶ್ನೆ ಎತ್ತಿದಾಗ ರಸ್ತೆಯನ್ನು ಅಗೆದು ತೋರಿಸುವುದೊಂದೇ ಉತ್ತರವಾಗಬಾರದು. ಅಳತೆ ಪುಸ್ತಕದ ಅಂಕಿಗಳ ಜೊತೆಗೆ ಅಂದಿನ ಛಾಯಾಚಿತ್ರವೂ ಇದ್ದರೆ, ಕ್ರಿಯಾಯೋಜನೆಗೆ ಒಪ್ಪಿಗೆ ನೀಡಿದ ಸದಸ್ಯರಿಗೆ ಅದು ಆಸರೆ. ಕೆಲಸ ಕಳಪೆಯೆಂದು ಗ್ರಾಮಸಭೆಯಲ್ಲಿ ಎದ್ದು ನಿಲ್ಲುವ ಗ್ರಾಮಸ್ಥನಿಗೂ ಅದೇ ಆಸರೆ.

ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ಕೆಲಸಕ್ಕೆ ಮೊದಲು, ಕೆಲಸ ನಡೆಯುವಾಗ ಮತ್ತು ಮುಗಿದ ಮೇಲೆ ಹೀಗೆ ಮೂರು ಹಂತದ ಜಿಯೋಟ್ಯಾಗ್ ಚಿತ್ರಗಳನ್ನು ತೆಗೆಯುವ ಪದ್ಧತಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದು ಮೊಬೈಲ್ ಆ್ಯಪ್‌ನ ಮೂಲಕವೇ ಆಗತಕ್ಕದ್ದು. ಕ್ಯಾಮೆರಾ ಅದಕ್ಕೆ ಬದಲಿಯಲ್ಲ. ಹಾಗಿದ್ದರೆ ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಪಂಚಾಯತಿಗೆ ಬೇರೊಂದು ಕ್ಯಾಮೆರಾ ಏತಕ್ಕೆ ಎಂಬ ಪ್ರಶ್ನೆ ಸಹಜವೇ. ಮೊಬೈಲ್ ಸಿಬ್ಬಂದಿಯ ಸ್ವಂತ ಸೊತ್ತು. ಸಿಬ್ಬಂದಿಗೆ ವರ್ಗಾವಣೆಯಾದಾಗ, ಮೊಬೈಲ್ ಕೆಟ್ಟಾಗ ಅಥವಾ ಜಾಗ ಸಾಲದೆ ಹಳೆಯ ಚಿತ್ರಗಳನ್ನು ಅಳಿಸಿದಾಗ ಆ್ಯಪ್‌ಗೆ ಏರಿಸದ ಉಳಿದೆಲ್ಲ ಚಿತ್ರಗಳೂ ಅದರೊಡನೆ ಹೋಗುತ್ತವೆ. ಕ್ಯಾಮೆರಾ ದಾಸ್ತಾನು ವಹಿಯಲ್ಲಿ ನಮೂದಾಗುವ ಪಂಚಾಯತಿಯ ಆಸ್ತಿ. ಅದರ ಚಿತ್ರಗಳು ಪಂಚಾಯತಿಯ ದಾಖಲೆಗಳು. 2005ರ ಮಾಹಿತಿ ಹಕ್ಕು ಅಧಿನಿಯಮವು ವಿದ್ಯುನ್ಮಾನ ರೂಪದಲ್ಲಿರುವುದನ್ನೂ ಮಾಹಿತಿಯೆಂದೇ ಪರಿಗಣಿಸುವುದರಿಂದ ಅವನ್ನು ಕಡತದಷ್ಟೇ ಎಚ್ಚರದಿಂದ ಇಡಬೇಕಾಗುತ್ತದೆ.

ಕೊಳ್ಳುವಾಗ ಅಂಗಡಿಯವರು ಮೆಗಾಪಿಕ್ಸೆಲ್ ಸಂಖ್ಯೆಯನ್ನೇ ಮುಂದಿಟ್ಟು ಮಾತನಾಡುತ್ತಾರೆ. ಎ-4 ಕಾಗದದ ಪೂರ್ಣ ಅಳತೆಗೆ ಸ್ಫುಟವಾಗಿ ಮುದ್ರಿಸಲು ಸುಮಾರು 9 ಮೆಗಾಪಿಕ್ಸೆಲ್ ಸಾಕು; 12 ಇದ್ದರೆ ಪಂಚಾಯತಿಯ ಯಾವ ಕೆಲಸಕ್ಕೂ ಕೊರತೆಯಿಲ್ಲ. ಮುಖ್ಯವಾಗಿ ನೋಡಬೇಕಾದುದು ಆಪ್ಟಿಕಲ್ ಜೂಮ್. ಇದರಲ್ಲಿ ಲೆನ್ಸಿನ ಗಾಜುಗಳೇ ಚಲಿಸಿ ದೂರದ ವಸ್ತುವನ್ನು ಹತ್ತಿರ ತರುತ್ತವೆ. ಡಿಜಿಟಲ್ ಜೂಮ್ ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ. ಅದರಿಂದ ಹೊಸ ವಿವರವೇನೂ ಸಿಗುವುದಿಲ್ಲ. ಕ್ಯಾಮೆರಾ ಬಂದ ದಿನವೇ ಅದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿಬಿಡುವುದು ಒಳ್ಳೆಯದು.

ಮೊದಲ ದಿನ: ದಿನಾಂಕ

ಪೆಟ್ಟಿಗೆ ತೆರೆದು, ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ, ಕಾರ್ಡ್ ಹಾಕಿ ಗುಂಡಿ ಒತ್ತಿದೊಡನೆ ಕ್ಯಾಮೆರಾ ಕೇಳುವ ಮೊದಲ ಪ್ರಶ್ನೆ ದಿನಾಂಕ ಮತ್ತು ಸಮಯ. ಬಹಳ ಮಂದಿ ಅವಸರದಲ್ಲಿ ಇದನ್ನು ದಾಟಿ ಮುಂದೆ ಹೋಗುತ್ತಾರೆ. ಆಗ ಕ್ಯಾಮೆರಾ ತಯಾರಕರು ಇಟ್ಟ ಯಾವುದೋ ಹಳೆಯ ವರ್ಷದ ಜನವರಿ 1ರಿಂದ ಎಣಿಕೆ ಆರಂಭಿಸುತ್ತದೆ. ಆ ಬಳಿಕ ತೆಗೆದ ಪ್ರತಿ ಚಿತ್ರದ ಒಡಲಲ್ಲೂ ಅದೇ ತಪ್ಪು ದಿನಾಂಕ ಕೂರುತ್ತದೆ. ಕಾರ್ಯಾದೇಶ ನೀಡುವ ಮೊದಲೇ ಕಾಮಗಾರಿ ಮುಗಿದಂತೆ ತೋರುವ ಚಿತ್ರವು ನೆರವಾಗುವುದಕ್ಕಿಂತ ಹೆಚ್ಚಾಗಿ ಅನುಮಾನಕ್ಕೆ ಎಡೆಮಾಡುತ್ತದೆ.

ಚಿತ್ರದ ಕಡತದೊಳಗೆ ಕಣ್ಣಿಗೆ ಕಾಣದ ಒಂದು ಭಾಗವಿರುತ್ತದೆ. ತೆಗೆದ ದಿನ, ಗಂಟೆ, ನಿಮಿಷ, ಕ್ಯಾಮೆರಾದ ಮಾದರಿ, ಜಿಪಿಎಸ್ ಸೌಲಭ್ಯವಿದ್ದರೆ ಅಕ್ಷಾಂಶ ರೇಖಾಂಶ ಇವೆಲ್ಲ ಅಲ್ಲಿ ತಾನಾಗಿ ದಾಖಲಾಗುತ್ತವೆ. ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಯಾರು ಬೇಕಾದರೂ ಓದಬಹುದು. ಇದಲ್ಲದೆ ಚಿತ್ರದ ಮೂಲೆಯಲ್ಲಿ ದಿನಾಂಕವನ್ನು ಅಚ್ಚೊತ್ತುವ ಸೌಲಭ್ಯವೂ ಹಲವು ಕ್ಯಾಮೆರಾಗಳಲ್ಲಿದೆ. ಸಮಾರಂಭದ ಚಿತ್ರಗಳಿಗೆ ಅದು ಅಂದಗೆಡಿಸುವಂಥದ್ದೇ ಆದರೂ ಕಾಮಗಾರಿಯ ಚಿತ್ರಗಳಿಗೆ ಇರಲಿ. ಮುದ್ರಿಸಿ ಕಡತಕ್ಕೆ ಸೇರಿಸಿದ ಪ್ರತಿಯಲ್ಲಿ ಒಳಗಿನ ದಾಖಲೆ ಕಾಣುವುದಿಲ್ಲವಷ್ಟೆ. ತಿಂಗಳು ಮೊದಲೋ ದಿನ ಮೊದಲೋ ಎಂಬ ಕ್ರಮವನ್ನು ಮರೆಯದೆ ದಿನ, ತಿಂಗಳು, ವರ್ಷ ಎಂದು ಬದಲಿಸಿಕೊಳ್ಳಬೇಕು. ಇಲ್ಲವಾದರೆ 05-08 ಎಂಬುದು ಆಗಸ್ಟ್ 5ನೆಯ ತಾರೀಖೋ ಮೇ 8ನೆಯ ತಾರೀಖೋ ತಿಳಿಯದು.

ಒಮ್ಮೆ ಹೊಂದಿಸಿದ ಗಡಿಯಾರವೂ ಶಾಶ್ವತವಲ್ಲ. ಮುಖ್ಯ ಬ್ಯಾಟರಿಯನ್ನು ದೀರ್ಘಕಾಲ ಹೊರಗಿಟ್ಟರೆ ಅಥವಾ ಅದು ಬರಿದಾಗಿಯೇ ಉಳಿದರೆ ಒಳಗಿನ ಸಣ್ಣ ಮೀಸಲು ಶಕ್ತಿಯೂ ತೀರಿ ಗಡಿಯಾರ ಮತ್ತೆ ಮೊದಲಿಗೆ ಮರಳುತ್ತದೆ. ಆದುದರಿಂದ ಬಳಸಲಿ ಬಿಡಲಿ, ತಿಂಗಳಿಗೊಮ್ಮೆ ಚಾರ್ಜ್ ಮಾಡತಕ್ಕದ್ದು; ಪ್ರತಿಸಲ ಹೊರಗೆ ಒಯ್ಯುವ ಮುನ್ನ ಕ್ಯಾಮೆರಾದ ಸಮಯವನ್ನು ಮೊಬೈಲಿನ ಸಮಯದೊಡನೆ ತಾಳೆ ನೋಡತಕ್ಕದ್ದು. ದಿನಾಂಕ ತಪ್ಪಿರುವುದು ತಡವಾಗಿ ತಿಳಿದರೆ ಚಿತ್ರದ ಕಡತವನ್ನು ತಿದ್ದುವ ಗೋಜಿಗೆ ಹೋಗಬಾರದು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ಚಿತ್ರಗಳಲ್ಲಿ ಎಷ್ಟು ದಿನಗಳ ವ್ಯತ್ಯಾಸವಿದೆ ಎಂಬುದನ್ನು ಕ್ಯಾಮೆರಾ ವಹಿಯಲ್ಲಿ ಬರೆದು ಸಹಿ ಮಾಡಿದರೆ ಸಾಕು. ಬರೆದಿಟ್ಟ ತಪ್ಪನ್ನು ವಿವರಿಸಬಹುದು, ತಿದ್ದಿದ ಕಡತವನ್ನು ಸಮರ್ಥಿಸುವುದು ಕಷ್ಟ.

ಸ್ಥಳದಲ್ಲಿ

ಕಾಮಗಾರಿಯ ಮೂರು ಹಂತದ ಚಿತ್ರಗಳನ್ನೂ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ಮುಖಮಾಡಿ ತೆಗೆಯಬೇಕು. ಹಿನ್ನೆಲೆಯಲ್ಲಿ ಕದಲದ ಗುರುತೊಂದು ಇರಲಿ: ನೀರಿನ ಟ್ಯಾಂಕ್, ಶಾಲೆಯ ಕಟ್ಟಡ, ಸಂಖ್ಯೆ ಬರೆದ ವಿದ್ಯುತ್ ಕಂಬ. ಬರಿಯ ಮಣ್ಣಿನ ದಿಬ್ಬದ ಚಿತ್ರ ಯಾವ ಊರಿನ ಬದುವಾದರೂ ಆಗಬಹುದು. ಅದೇ ಬದುವಿನ ಹಿಂದೆ ಊರ ಗುಡಿಯ ಗೋಪುರ ಕಂಡರೆ ಮರುಮಾತಿಲ್ಲ. ಕಾಮಗಾರಿಯ ಹೆಸರು, ಸಂಕೇತ ಸಂಖ್ಯೆ, ದಿನಾಂಕವನ್ನು ಬರೆದ ಸ್ಲೇಟನ್ನು ಚಿತ್ರದ ಒಂದು ಮೂಲೆಯಲ್ಲಿ ಹಿಡಿಸಿದರೆ ಮುಂದೆ ಚಿತ್ರಗಳು ಕಲೆಸಿಹೋಗುವುದಿಲ್ಲ.

ಮುಚ್ಚಿಹೋಗುವ ಕೆಲಸಕ್ಕೆ ಮೂರು ಹಂತ ಸಾಲದು. ಕಾಂಕ್ರೀಟ್ ಸುರಿಯುವ ಮುನ್ನ ಸರಳುಗಳ ಹೆಣಿಗೆ, ಪಕ್ಕದಲ್ಲಿ ಅಳತೆ ಟೇಪು. ಕೊಳವೆ ಮುಚ್ಚುವ ಮುನ್ನ ಗುಂಡಿಯೊಳಗೆ ನೇರವಾಗಿ ನಿಲ್ಲಿಸಿದ ಅಳತೆಗೋಲು. ರಸ್ತೆಯ ಅಂಚಿನಲ್ಲಿ ಕಾಂಕ್ರೀಟಿನ ದಪ್ಪ. ಟೇಪಿನ ಅಂಕಿಗಳು ಓದಲು ಬರುವಷ್ಟು ಹತ್ತಿರದಿಂದ ಒಂದು, ಇಡೀ ಸ್ಥಳ ಕಾಣುವಂತೆ ದೂರದಿಂದ ಇನ್ನೊಂದು. ಬರಿಯ ಹತ್ತಿರದ ಚಿತ್ರಕ್ಕೆ ಸ್ಥಳವಿಲ್ಲ, ಬರಿಯ ದೂರದ ಚಿತ್ರಕ್ಕೆ ಅಳತೆಯಿಲ್ಲ. ಅಭಿಯಂತರರು ಅಳತೆಗೆ ಬರುವ ದಿನವೇ ಆ ವಾರ್ಡಿನ ಸದಸ್ಯರೂ ಸ್ಥಳದಲ್ಲಿದ್ದರೆ ಈ ಕೆಲಸ ಕಾಲು ಗಂಟೆಯದು. ಮಳೆಗೆ ಕುಸಿದ ಮನೆಯ ಚಿತ್ರವನ್ನಂತೂ ಅವಶೇಷ ತೆರವಾಗುವ ಮುನ್ನವೇ ತೆಗೆಯತಕ್ಕದ್ದು. ಗೋಡೆ ಎಷ್ಟು ಭಾಗ ಬಿದ್ದಿದೆ ಎಂಬುದರ ಮೇಲೆಯೇ ಆ ಕುಟುಂಬದ ಪರಿಹಾರ ನಿಂತಿರುತ್ತದೆ, ಮನೆಯವರು ಬದುಕು ನಡೆಸಲು ಎರಡನೆಯ ದಿನವೇ ಮಣ್ಣು ಬಾಚಲು ತೊಡಗುತ್ತಾರೆ.

ಚಿತ್ರ ತೆಗೆಯುವ ಕೈಚಳಕ ದೊಡ್ಡದೇನಲ್ಲ. ಎರಡೂ ಕೈಗಳಲ್ಲಿ ಹಿಡಿದು ಮೊಣಕೈಗಳನ್ನು ಮೈಗೆ ಒತ್ತಿಕೊಂಡರೆ ಕ್ಯಾಮೆರಾ ಅಲುಗದು. ಗುಂಡಿಯನ್ನು ಮೊದಲು ಅರ್ಧ ಒತ್ತಿ, ಪರದೆಯ ಮೇಲೆ ಹಸಿರು ಚೌಕ ಕಂಡ ಮೇಲೆ ಪೂರ್ಣ ಒತ್ತಬೇಕು. ಒಂದೇ ಏಟಿಗೆ ಒತ್ತಿದರೆ ಚಿತ್ರ ಮಸುಕಾಗುವುದೇ ಹೆಚ್ಚು. ಸೂರ್ಯ ಬೆನ್ನಿಗಿರಲಿ. ಸಣ್ಣ ಕ್ಯಾಮೆರಾಗಳ ಫ್ಲಾಷ್ ಬೆಳಕು 3 ಮೀಟರ್ ದಾಟಿದ ಮೇಲೆ ಬಹುಮಟ್ಟಿಗೆ ನಿಷ್ಪ್ರಯೋಜಕ. ಸಂಜೆಯ ಗ್ರಾಮಸಭೆಯಲ್ಲಿ ವೇದಿಕೆಯಿಂದ ಫ್ಲಾಷ್ ಹಾರಿಸಿದರೆ ಮುಂದಿನ ಸಾಲಿನ ಮುಖಗಳು ಬಿಳಿಚಿ, ಹಿಂದೆ ಕುಳಿತವರು ಕತ್ತಲಲ್ಲಿ ಮುಳುಗುತ್ತಾರೆ. ಸಭೆಯಲ್ಲಿ ಎಷ್ಟು ಮಂದಿ ಇದ್ದರೆಂಬುದೇ ಪ್ರಶ್ನೆಯಾದಾಗ ಅಂಥ ಚಿತ್ರ ಉಪಯೋಗಕ್ಕೆ ಬರುವುದಿಲ್ಲ. ಫ್ಲಾಷ್ ನಿಲ್ಲಿಸಿ, ಕ್ಯಾಮೆರಾವನ್ನು ಮೇಜಿನ ಮೇಲೆ ಊರಿ ತೆಗೆಯುವುದು ಲೇಸು.

ಜನರ ಚಿತ್ರವನ್ನು ಕೇಳಿಯೇ ತೆಗೆಯಬೇಕು. ಪರಿಹಾರಕ್ಕೆ ಗೋಡೆಯ ಚಿತ್ರ ಬೇಕೇ ಹೊರತು ಅಳುತ್ತಿರುವ ಮುಖದ ಚಿತ್ರವಲ್ಲ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳನ್ನು ಈ ಕ್ಯಾಮೆರಾದಲ್ಲಿ ತೆಗೆದಿಡುವುದು ಬೇಡ.

ಕಾರ್ಡಿನಿಂದ ಕಡತಕ್ಕೆ

12 ಮೆಗಾಪಿಕ್ಸೆಲ್‌ನ ಒಂದು ಚಿತ್ರಕ್ಕೆ 5 ಎಂಬಿ ಎಂದು ಹಿಡಿದರೂ 32 ಜಿಬಿ ಕಾರ್ಡಿನಲ್ಲಿ 6,000ಕ್ಕೂ ಹೆಚ್ಚು ಚಿತ್ರ ಹಿಡಿಯುತ್ತವೆ. ಇದೇ ಅಪಾಯ. ಜಾಗ ತುಂಬದ ಕಾರಣ ಚಿತ್ರಗಳು ತಿಂಗಳುಗಟ್ಟಲೆ ಕಾರ್ಡಿನಲ್ಲೇ ಉಳಿದು, ಉಗುರಿನಷ್ಟಗಲದ ಆ ಪ್ಲಾಸ್ಟಿಕ್ ತುಂಡು ಕಳೆದ ದಿನ ವರ್ಷದ ದಾಖಲೆಯೇ ಇಲ್ಲವಾಗುತ್ತದೆ. ಸ್ಥಳದಿಂದ ಮರಳಿದ ದಿನವೇ ಕಚೇರಿಯ ಕಂಪ್ಯೂಟರಿಗೂ, ಬೇರೆ ಬೀರುವಿನಲ್ಲಿಡುವ ಹಾರ್ಡ್ ಡಿಸ್ಕಿಗೂ ನಕಲು ಮಾಡತಕ್ಕದ್ದು. ವರ್ಷ, ವಾರ್ಡ್, ಕಾಮಗಾರಿಯ ಸಂಕೇತ ಸಂಖ್ಯೆ ಈ ಕ್ರಮದಲ್ಲಿ ಫೋಲ್ಡರ್ ಮಾಡಿದರೆ ಹುಡುಕಾಟ ತಪ್ಪುತ್ತದೆ. ಎರಡೂ ನಕಲುಗಳನ್ನು ತೆರೆದು ನೋಡಿದ ಬಳಿಕವೇ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು. ಕೆಂಪು ದೀಪ ಮಿನುಗುವಾಗ ಕಾರ್ಡನ್ನು ಎಳೆಯಬಾರದು. ಕ್ಯಾಮೆರಾ ಆಗ ಬರೆಯುತ್ತಿರುತ್ತದೆ.

ಕೈತಪ್ಪಿ ಅಳಿಸಿದ ಚಿತ್ರ ಒಡನೆಯೇ ನಾಶವಾಗುವುದಿಲ್ಲ. ವಹಿಯ ಪರಿವಿಡಿ ಹಾಳೆಯನ್ನು ಹರಿದಂತೆ, ಚಿತ್ರ ಎಲ್ಲಿದೆಯೆಂಬ ಸೂಚನೆ ಮಾತ್ರ ಅಳಿದಿರುತ್ತದೆ. ಒಳಪುಟ ಹಾಗೆಯೇ ಇರುತ್ತದೆ. ಹೊಸ ಚಿತ್ರ ತೆಗೆದಂತೆಲ್ಲ ಆ ಪುಟದ ಮೇಲೆ ಬೇರೆ ಬರಹ ಬೀಳುತ್ತದೆ. ಆದಕಾರಣ ಕೂಡಲೇ ಕ್ಯಾಮೆರಾ ನಿಲ್ಲಿಸಿ, ಕಾರ್ಡ್ ಹೊರತೆಗೆದು, ಬಲ್ಲವರಿಂದ ಮರಳಿ ಪಡೆಯುವ ತಂತ್ರಾಂಶವನ್ನು ಓಡಿಸಿದರೆ ಹಲವು ಬಾರಿ ಚಿತ್ರ ಸಿಗುತ್ತದೆ.

ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದ ಚಿತ್ರವನ್ನು ಮೂಲವೆಂದು ಎಣಿಸಕೂಡದು. ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗುವುದಲ್ಲದೆ ಒಳಗಿನ ದಿನಾಂಕ ಮತ್ತು ಸ್ಥಳದ ದಾಖಲೆಯೂ ಕಳಚಿಹೋಗುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬಹುದು.

ಒತ್ತುವರಿ ತೆರವು, ಗುತ್ತಿಗೆದಾರರ ಬಿಲ್ಲಿನ ತಕರಾರು ಮುಂತಾದವು ನ್ಯಾಯಾಲಯ ಮುಟ್ಟಿದಾಗ ಮೂಲದ ಬೆಲೆ ತಿಳಿಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಮಾಡಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂಬುದು ಕಡತದ ಬೆರಳಚ್ಚಿದ್ದಂತೆ; ಚಿತ್ರದ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಬೆಳಕು ಹೆಚ್ಚಿಸಲು ಮೂಲವನ್ನೇ ತಿದ್ದಿ ಉಳಿಸಿದವರಿಗೆ ಇಲ್ಲಿ ತೊಡಕಾಗುತ್ತದೆ. ತಿದ್ದುವುದಿದ್ದರೆ ನಕಲಿನಲ್ಲಿ ತಿದ್ದಬೇಕು.

ಜೋಪಾನ

ಲೆನ್ಸಿನ ಮೇಲಿನ ಧೂಳನ್ನು ಪಂಚೆಯ ಅಂಚಿನಿಂದಲೋ ಸೆರಗಿನಿಂದಲೋ ಒರೆಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಧೂಳಿನಲ್ಲಿರುವ ಮರಳಿನ ಕಣ ಲೆನ್ಸಿನ ಮೇಲಿನ ತೆಳು ಲೇಪವನ್ನು ಗೀರಬಲ್ಲದು. ಮೊದಲು ರಬ್ಬರಿನ ಗಾಳಿಬುರುಡೆಯಿಂದ ಊದಿ, ಆಮೇಲೆ ಕನ್ನಡಕದಂಗಡಿಯಲ್ಲಿ ಸಿಗುವ ಮೃದು ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು.

ಮಲೆನಾಡು ಮತ್ತು ಕರಾವಳಿಯ ಪಂಚಾಯತಿಗಳಲ್ಲಿ ಶತ್ರು ಧೂಳಲ್ಲ, ತೇವ. ಮಳೆಗಾಲವಿಡೀ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾದ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಒಮ್ಮೆ ಬೇರೂರಿದರೆ ದುರಸ್ತಿಯ ವೆಚ್ಚ ಹೊಸ ಕ್ಯಾಮೆರಾದ ಬೆಲೆಗೆ ಹತ್ತಿರ ಹೋಗಬಹುದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುವುದೇ ಅಗ್ಗದ ಪರಿಹಾರ. ಬಣ್ಣ ಬದಲಿಸುವ ಜಾತಿಯ ಜೆಲ್ ಆದರೆ ಯಾವಾಗ ಬದಲಿಸಬೇಕೆಂಬುದು ಕಣ್ಣಿಗೇ ಕಾಣುತ್ತದೆ. ಇನ್ನು ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ನಿಂತ ಜೀಪಿನ ಮುಂಭಾಗದಲ್ಲಿ ಕ್ಯಾಮೆರಾ ಬಿಟ್ಟುಬರಬಾರದು. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಉಬ್ಬಲೂಬಹುದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಕೂಡದು.

ಮಳೆಯಲ್ಲಿ ನೆನೆದರೆ ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ನೋಡುವ ಆತುರವೇ ಹಾನಿ ಮಾಡುವುದು. ಒಡನೆಯೇ ಬ್ಯಾಟರಿ ಮತ್ತು ಕಾರ್ಡ್ ತೆಗೆದು, ಮುಚ್ಚಳಗಳನ್ನು ತೆರೆದಿಟ್ಟು, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಎರಡು ಮೂರು ದಿನ ಒಣಗಲು ಬಿಡಬೇಕು. ಬಿಸಿಲಿಗೂ ಒಲೆಯ ಬಳಿಗೂ ಇಡಬಾರದು. ಕಾರ್ಡಿನಲ್ಲಿರುವ ಚಿತ್ರಗಳು ಸಾಮಾನ್ಯವಾಗಿ ಕೆಡುವುದಿಲ್ಲ.

ಕ್ಯಾಮೆರಾಗೆ ಒಂದು ಚಲನವಲನ ವಹಿ ಇರಲಿ. ಒಯ್ದವರು, ಕಾಮಗಾರಿ, ಮೊದಲ ಮತ್ತು ಕೊನೆಯ ಚಿತ್ರದ ಸಂಖ್ಯೆ, ಮರಳಿಸಿದ ದಿನ, ನಕಲು ಮಾಡಿದವರ ಸಹಿ, ಇಷ್ಟು ಅಂಕಣ ಸಾಕು. ಅಭಿವೃದ್ಧಿ ಅಧಿಕಾರಿ ಅಥವಾ ಕಾರ್ಯದರ್ಶಿ ಬದಲಾದಾಗ ಪ್ರಭಾರ ಪಟ್ಟಿಯಲ್ಲಿ ‘ಕ್ಯಾಮೆರಾ 1’ ಎಂದಷ್ಟೇ ಬರೆಯದೆ ಸರಣಿ ಸಂಖ್ಯೆ, ಚಾರ್ಜರ್, ಬ್ಯಾಟರಿಗಳು, ಕಾರ್ಡುಗಳು ಮತ್ತು ಚಿತ್ರಗಳಿರುವ ಹಾರ್ಡ್ ಡಿಸ್ಕನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಖರೀದಿ ಬಿಲ್ಲು ಮತ್ತು ವಾರಂಟಿ ಚೀಟಿಯ ಮೂಲ ಪ್ರತಿಗಳು ದಾಸ್ತಾನು ಕಡತದಲ್ಲಿರಲಿ. ಸೇವಾ ಕೇಂದ್ರಕ್ಕೆ ಜೆರಾಕ್ಸ್ ಪ್ರತಿಯನ್ನು ಕೊಂಡೊಯ್ದು, ಮೂಲವನ್ನು ಕೇಳಿದಾಗಲಷ್ಟೇ ತೋರಿಸಿ ಮರಳಿ ತರಬೇಕು.