ಊಟಕ್ಕೂ ವಾಂತಿಗೂ ನಡುವಿನ ಗಂಟೆಗಳು

ಹಠಾತ್ತನೆ ಕಾಣಿಸಿಕೊಳ್ಳುವ ವಾಂತಿ, ಭೇದಿ, ಹೊಟ್ಟೆನುಲಿತಗಳಿಗೆ ಕೊನೆಯ ಸಲ ಉಂಡ ಊಟವನ್ನೇ ಹೊಣೆ ಮಾಡುವ ರೂಢಿ ಎಲ್ಲೆಡೆ ಇದೆ. ಆದರೆ ಒಂದೊಂದು ರೋಗಕಾರಕವೂ ತನ್ನ ಪರಿಣಾಮ ತೋರಲು ಒಂದೊಂದು ಅವಧಿಯನ್ನು ತೆಗೆದುಕೊಳ್ಳುವುದರಿಂದ, ಏನು ತಿಂದರು ಎಂಬುದರಷ್ಟೇ ಎಷ್ಟು ಹೊತ್ತಿನ ಹಿಂದೆ ತಿಂದರು ಎಂಬುದೂ ಮುಖ್ಯವಾಗುತ್ತದೆ. ಸೋಂಕು ದೇಹವನ್ನು ಹೊಕ್ಕಂದಿನಿಂದ ಮೊದಲ ಲಕ್ಷಣ ತೋರುವವರೆಗಿನ ಈ ಕಾಲವನ್ನು ವೈದ್ಯರು ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟವೂ ಸೇರಿದಂತೆ ಮಂಡ್ಯ ಸೀಮೆಯ ಊರುಗಳಲ್ಲಿ ಬೀಗರೂಟಕ್ಕೆಂದು ದೊಡ್ಡ ಪಾತ್ರೆಗಳಲ್ಲಿ ಮಾಂಸದ ಸಾರು ಮಾಡುವುದುಂಟು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಅದರ ರೂಪಗಳು, ಕುದಿತಕ್ಕೂ ಸಾಯದೆ ಉಳಿಯಬಲ್ಲವು. ಆಳವಾದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುವುದರಿಂದ ಮತ್ತು ಅಲ್ಲಿ ಗಾಳಿ ಕಡಿಮೆಯಾದ್ದರಿಂದ ಅವು ಮೊಳೆತು ವೇಗವಾಗಿ ಹೆಚ್ಚುತ್ತವೆ. ಹೊಟ್ಟೆನುಲಿತ ಮತ್ತು ನೀರುಭೇದಿ ತೋರುವುದು ಉಂಡ 6ರಿಂದ 24 ಗಂಟೆಗಳ ಬಳಿಕ. ವಾಂತಿ, ಜ್ವರಗಳು ವಿರಳ, ಬಹುಪಾಲು ಜನ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಊಟ ಹೀಗೆ ನಡುರಾತ್ರಿಯಲ್ಲಿ ಕಾಡಿದಾಗ ದೂರು ಬೀಳುವುದು ನಿರಪರಾಧಿಯಾದ ರಾತ್ರಿಯೂಟದ ಮೇಲೆ.

ಉಂಡ ಅರ್ಧ ಗಂಟೆಯಿಂದ ಆರೇಳು ಗಂಟೆಗಳೊಳಗೆ ರಭಸದ ವಾಂತಿ ಶುರುವಾದರೆ, ಬ್ಯಾಕ್ಟೀರಿಯ ಆಹಾರದಲ್ಲೇ ಮೊದಲೇ ತಯಾರಿಸಿಟ್ಟ ವಿಷದ ಮೇಲೆ ಅನುಮಾನ ಹೋಗಬೇಕು. ಅಡುಗೆಯವರ ಕೈಗಾಯದಿಂದಲೋ ಮೂಗಿನಿಂದಲೋ ಆಹಾರ ಸೇರುವ ಸ್ಟೆಫಿಲೊಕಾಕಸ್ ಆರಿಯಸ್ ಮತ್ತು ಹೊರಗೇ ಉಳಿದ ತಂಗಳನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಇಂಥವು. ಇವುಗಳ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದ ಕಾರಣ ಅದೇ ಅನ್ನವನ್ನು ಚಿತ್ರಾನ್ನ ಮಾಡಿದರೂ ಅಪಾಯ ತಪ್ಪುವುದಿಲ್ಲ. ಸಾಲ್ಮೊನೆಲ್ಲಾ ಕರುಳಿನಲ್ಲಿ ಬೆಳೆಯಬೇಕಾದ್ದರಿಂದ ಜ್ವರದೊಡನೆ ಬರಲು ಅರ್ಧ ದಿನದಿಂದ ಮೂರು ದಿನಗಳಾದರೂ ಬೇಕಾಗಬಹುದು. ಒಬ್ಬರಿಂದೊಬ್ಬರಿಗೆ ಬೇಗ ದಾಟುವ ನೊರೊವೈರಸ್‌ಗೆ ಒಂದೆರಡು ದಿನ ಸಾಕು. ಮಲದಲ್ಲಿ ರಕ್ತ, ಲೋಳೆ ಕಂಡರೆ ಅದು ಆಮಶಂಕೆ. ಅದಕ್ಕೆ ವೈದ್ಯರೇ ಬೇಕು.

ಒಟ್ಟಿಗೆ ಉಣ್ಣದ ಮನೆಗಳಲ್ಲೂ ಒಂದೇ ನಲ್ಲಿಯ ಸಾಲಿನುದ್ದಕ್ಕೆ ಭೇದಿ ಹಬ್ಬಿದರೆ ಮೊದಲು ಪರೀಕ್ಷಿಸಬೇಕಾದದ್ದು ನೀರು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಕೆಲವರು ಪ್ರಾಣ ಕಳೆದುಕೊಂಡರು. ಅಕ್ಕಿ ತೊಳೆದ ನೀರಿನಂಥ ಭೇದಿ ಕಾಲರಾದ ಗುರುತು. ಅದು ಕೆಲವೇ ಗಂಟೆಗಳಲ್ಲಿ ದೇಹದ ನೀರನ್ನು ಬಸಿದುಬಿಡುವುದರಿಂದ ಓಆರ್‌ಎಸ್ ದ್ರಾವಣವನ್ನು ತಡಮಾಡದೆ ಕುಡಿಸಲಾರಂಭಿಸಿ ಆಸ್ಪತ್ರೆಗೆ ಒಯ್ಯಬೇಕು.

ಆಹಾರ ಕೆಟ್ಟಿದ್ದರಿಂದಲೇ ಆಯಿತೆಂದು ಮೇಲುನೋಟಕ್ಕೆ ತೋರುವ, ಆದರೆ ಬೇರೆಯದೇ ಚಿಕಿತ್ಸೆ ಬೇಡುವ ಸ್ಥಿತಿ ಕೀಟನಾಶಕದ ವಿಷಪ್ರಾಶನ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದ ಪ್ರಸಾದ ತಿಂದವರಲ್ಲಿ 17 ಮಂದಿ ಸಾವಿಗೀಡಾದರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅದರಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್. ಆರ್ಗನೊಫಾಸ್ಫೇಟ್ ಗುಂಪಿನ ಈ ವಿಷ, ನರಗಳು ಸಂದೇಶ ರವಾನಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಆಗ ವಾಂತಿಭೇದಿಯ ಜೊತೆಗೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಸಾಸಿವೆಯಷ್ಟು ಕುಗ್ಗಿದ ಕಣ್ಣಪಾಪೆ, ಸ್ನಾಯುಗಳ ಅದುರು, ಉಸಿರಾಟದ ತೊಡಕು ಕಾಣುತ್ತವೆ. ಇವು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ತೋರಬಹುದು. ಇಲ್ಲಿ ಬೇಕಾದದ್ದು ಅಟ್ರೊಪಿನ್ ಚುಚ್ಚುಮದ್ದು ಮತ್ತು ಉಸಿರಾಟಕ್ಕೆ ಆಸರೆ. ಕಬ್ಬು, ಭತ್ತಗಳ ಸೀಮೆಯಲ್ಲಿ ಕೀಟನಾಶಕದ ಡಬ್ಬಿಗಳು ಮನೆಯೊಳಗೇ ಇರುವುದು ಸಾಮಾನ್ಯವಾದ್ದರಿಂದ, ರೋಗಿಯೊಂದಿಗೆ ಅನುಮಾನದ ಡಬ್ಬಿಯನ್ನೂ ಉಳಿದ ಆಹಾರವನ್ನೂ ಆಸ್ಪತ್ರೆಗೆ ಕೊಂಡೊಯ್ದರೆ ವೈದ್ಯರ ಕೆಲಸ ಬೇಗ ಸಾಗುತ್ತದೆ.

ಊಟಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿದು ನಿಲ್ಲುವ ನೋವು ಅಪೆಂಡಿಸೈಟಿಸ್ ಇರಬಹುದು. ನಡುವಯಸ್ಸು ದಾಟಿದವರಲ್ಲಿ ಬೆವರು, ಏದುಸಿರಿನೊಂದಿಗೆ ಮೇಲ್ಹೊಟ್ಟೆಯಲ್ಲಿ ಕಾಣುವ ನೋವನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗದೆ, ಹೃದಯಾಘಾತವಲ್ಲವೆಂದು ಇಸಿಜಿ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.