ರಕ್ತ ಕ್ಯಾನ್ಸರ್: ಗುಳಿಗೆಯಷ್ಟೇ ಪರೀಕ್ಷೆಯೂ ಮುಖ್ಯ

ರಕ್ತ ಕ್ಯಾನ್ಸರ್‌ಗಳೆಲ್ಲ ಒಂದೇ ಬಗೆಯವಲ್ಲ. ಸಿಎಂಎಲ್ ಎಂದು ಕರೆಯಲಾಗುವ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾವನ್ನು ಬಹುತೇಕ ರೋಗಿಗಳಲ್ಲಿ ನಿತ್ಯದ ಗುಳಿಗೆಯಿಂದಲೇ ಹತೋಟಿಯಲ್ಲಿಡಬಹುದು. ಆದರೆ ಹತೋಟಿಗೆ ಬಂದಿದೆಯೇ ಎಂದು ತಿಳಿಯಲು ಸಾಮಾನ್ಯ ರಕ್ತ ಪರೀಕ್ಷೆ ಸಾಲದು, ಜೀನ್ ಪರೀಕ್ಷೆಯೇ ಬೇಕು.

ಈ ರೋಗಿಗಳ ಜೀವಕೋಶದಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ಕ್ರೋಮೊಸೋಮ್ ಇರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಗುರುತಿಸಿದರು. 9 ಮತ್ತು 22ನೇ ಕ್ರೋಮೊಸೋಮ್‌ಗಳ ತುಂಡುಗಳು ಅದಲುಬದಲಾಗಿರುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಹಾಗೆ ಕೂಡಿಕೊಂಡ ಜಾಗದಲ್ಲಿ ಹುಟ್ಟುವ ಜೀನ್‌ಗೆ ಬಿಸಿಆರ್-ಎಬಿಎಲ್ ಎಂದು ಹೆಸರು. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವುದು ಇದರಿಂದಲೇ. ಇದು ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ.

ಈ ಜೀನ್‌ನ ಕೆಲಸವನ್ನು ತಡೆಯುವ ಇಮಾಟಿನಿಬ್ ಔಷಧಕ್ಕೆ 2001ರಲ್ಲಿ ಅಮೆರಿಕ ಅನುಮತಿ ನೀಡಿತು. ಇದರ ಪೇಟೆಂಟ್ ಕೋರಿದ್ದ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ದೇಶೀಯ ಕಂಪನಿಗಳ ಅಗ್ಗದ ಗುಳಿಗೆಗಳು ಉಳಿದುಕೊಂಡವು.

ಗುಳಿಗೆ ಆರಂಭಿಸಿದ ಕೆಲವೇ ವಾರಗಳಲ್ಲಿ ರಕ್ತಕಣಗಳ ಎಣಿಕೆ ಸರಿಹೋಗಬಹುದು, ಸುಸ್ತು ಕಡಿಮೆಯಾಗಬಹುದು. ಅಪಾಯವಿರುವುದು ಇಲ್ಲೇ. ಗುಣವಾಯಿತೆಂದು ಗುಳಿಗೆ ಬಿಟ್ಟರೆ ಉಳಿದ ರೋಗಕಣಗಳು ಮತ್ತೆ ಬೆಳೆಯುತ್ತವೆ. ಕಣ್ಣಿಗೆ ಬೀಳದ ಈ ಕಣಗಳನ್ನು ಪತ್ತೆ ಮಾಡುವುದು ಆರ್‌ಕ್ಯೂ-ಪಿಸಿಆರ್ ಪರೀಕ್ಷೆ. ಕೈಯಿಂದ ತೆಗೆದ ರಕ್ತವೇ ಇದಕ್ಕೆ ಸಾಕು. ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ ಶೇ. 10, ಆರು ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 0.1 ಅಥವಾ ಅದಕ್ಕಿಂತ ಕೆಳಗಿಳಿದರೆ ಚಿಕಿತ್ಸೆ ಸರಿದಾರಿಯಲ್ಲಿದೆ ಎಂದರ್ಥ. ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಹೋಲಿಕೆ ಸುಲಭ.

ಪ್ರಮಾಣ ಏರಿದರೆ ವೈದ್ಯರು ಮೊದಲು ಕೇಳುವುದು ಗುಳಿಗೆ ತಪ್ಪಿಸಿದ್ದೀರಾ ಎಂದು. ತಪ್ಪಿಸಿಲ್ಲವಾದರೆ ಜೀನ್‌ನಲ್ಲೇ ಹೊಸ ಬದಲಾವಣೆಯಾಗಿದೆಯೇ ಎಂದು ನೋಡಬೇಕಾಗುತ್ತದೆ. ಉದಾಹರಣೆಗೆ ಟಿ315ಐ ಎಂಬ ಬದಲಾವಣೆಯಿದ್ದರೆ ಇಮಾಟಿನಿಬ್ ಕೆಲಸ ಮಾಡದು, ಪೊನಾಟಿನಿಬ್‌ನಂಥ ಬೇರೆ ಔಷಧ ಬೇಕು.

ವರ್ಷಗಟ್ಟಲೆ ರೋಗ ತೀರಾ ಕೆಳಮಟ್ಟದಲ್ಲೇ ಉಳಿದ ಕೆಲವರು ವೈದ್ಯರ ನಿಗಾದಲ್ಲಿ ಗುಳಿಗೆ ನಿಲ್ಲಿಸುವುದೂ ಉಂಟು. ಅವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ರೋಗ ಮರಳುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಪರೀಕ್ಷೆ ಅಗತ್ಯ. ಆರಾಮವಾಗಿದ್ದೇನೆ ಎಂಬ ಕಾರಣಕ್ಕೆ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು, ಪರೀಕ್ಷೆಯನ್ನೂ ಮುಂದೂಡಬಾರದು.