ರವಾನೆಯಾದುದೆಲ್ಲ ಮಾರಾಟವೇ? ವಿಡಿಯೊ ಆಟಗಳ ಉದ್ಯಮದ ಒಂದು ಹಳೆಯ ಲೆಕ್ಕ

ವಿಡಿಯೊ ಆಟಗಳೆಂದೊಡನೆ ಅದು ಮಕ್ಕಳ ಹವ್ಯಾಸ, ಹೆಚ್ಚೆಂದರೆ ಸಾಫ್ಟ್‌ವೇರ್ ಸಂಸ್ಥೆಗಳ ವಿಷಯವೆಂದು ಭಾವಿಸಿ ನಮ್ಮ ವರ್ತಕ ಬಾಂಧವರು ಪುಟ ತಿರುವಿಹಾಕುವ ಸಂಭವವುಂಟು. ಆದರೆ ಈ ಉದ್ಯಮವು ಅಮೆರಿಕದಲ್ಲಿ ತನ್ನ ಆರಂಭದ ವರ್ಷಗಳಲ್ಲಿ ಎದುರಿಸಿದ ಸಮಸ್ಯೆಗಳನ್ನು ಪರಿಶೀಲಿಸಿದರೆ ಕಾಣಸಿಗುವುದು ಗಣಕಯಂತ್ರದ ಜಟಿಲತೆಯಲ್ಲ. ದಾಸ್ತಾನು, ಉದ್ದರಿ, ಸರಕು ವಾಪಸಾತಿ, ಏಜೆನ್ಸಿ ಕರಾರು ಮುಂತಾದ ನಮ್ಮ ದಿನನಿತ್ಯದ ಸಂಗತಿಗಳೇ. ಆ ದೇಶದಲ್ಲಿ 1983ರಲ್ಲಿ ಸುಮಾರು 320 ಕೋಟಿ ಡಾಲರ್‌ಗಳಷ್ಟಿದ್ದ ವಿಡಿಯೊ ಆಟಗಳ ವಹಿವಾಟು 1985ರ ಹೊತ್ತಿಗೆ ಸುಮಾರು 10 ಕೋಟಿ ಡಾಲರ್‌ಗಳಿಗೆ ಕುಸಿಯಿತೆಂಬುದು ಸಾಮಾನ್ಯವಾಗಿ ನೀಡಲಾಗುವ ಅಂಕಿ. ಇಷ್ಟು ಅಲ್ಪಾವಧಿಯಲ್ಲಿ ಮಕ್ಕಳಿಗೆ ಆಟವೇ ಬೇಡವಾಯಿತೆಂದು ನಂಬುವುದು ಕಷ್ಟ. ಕಾರಣವನ್ನು ವ್ಯಾಪಾರದ ಷರತ್ತುಗಳಲ್ಲಿಯೇ ಹುಡುಕಬೇಕಾಗುತ್ತದೆ.

ಈ ಕಥೆಯ ಕೇಂದ್ರದಲ್ಲಿರುವುದು 1972ರಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಅಟಾರಿ ಕಂಪೆನಿ. ಅದರ ಮೊದಲ ಯಶಸ್ಸಾದ ‘ಪಾಂಗ್’ ಆಟವು ತನ್ನ ಪೇಟೆಂಟ್ ಹಕ್ಕುಗಳನ್ನು ಉಲ್ಲಂಘಿಸುತ್ತದೆಂದು ಮ್ಯಾಗ್ನವಾಕ್ಸ್ ಕಂಪೆನಿಯು ದಾವೆ ಹೂಡಿತು. ಅಟಾರಿಯು 1976ರಲ್ಲಿ ರಾಜಿಗೆ ಒಪ್ಪಿ ಪರವಾನಗಿ ಪಡೆಯಿತು. ರಾಜಿಗೊಪ್ಪದೆ ವಾದಿಸಿದವರು ಮರುವರ್ಷ ನ್ಯಾಯಾಲಯದಲ್ಲಿ ಸೋತರು. ಅದೇ 1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಸಂಸ್ಥೆಯು ಅಟಾರಿಯನ್ನು 2.8 ಕೋಟಿ ಡಾಲರ್‌ಗಳಿಗೆ ಕೊಂಡುಕೊಂಡಿತು. 1977ರಲ್ಲಿ ಟಿ.ವಿ.ಗೆ ಜೋಡಿಸುವ ಆಟದ ಯಂತ್ರ ಮಾರುಕಟ್ಟೆಗೆ ಬಂದಿತು. ಒಂದೊಂದು ಆಟಕ್ಕೂ ಬೇರೆ ಬೇರೆ ಕಾರ್ಟ್ರಿಜ್. ಲಾಭವಿದ್ದುದು ಯಂತ್ರದಲ್ಲಲ್ಲ, ಕಾರ್ಟ್ರಿಜ್‌ನಲ್ಲಿ. ಪೆನ್ನಿಗಿಂತ ರೀಫಿಲ್‌ನಲ್ಲಿ ಹೆಚ್ಚು ಗಳಿಸುವ ವ್ಯಾಪಾರದಂತೆ.

ಈ ಲಾಭವು ಯಾರಿಗೆ ಸೇರತಕ್ಕದ್ದೆಂಬ ಪ್ರಶ್ನೆ ಬೇಗನೆ ಎದ್ದಿತು. ಜವಳಿ ಉದ್ಯಮದಿಂದ ಬಂದು ಅಟಾರಿಯ ಮುಖ್ಯಸ್ಥರಾಗಿದ್ದ ರೇ ಕಸ್ಸಾರ್ ಅವರ ಕಾಲದಲ್ಲಿ, ಆಟಗಳನ್ನು ರಚಿಸುತ್ತಿದ್ದವರಿಗೆ ಸಂಬಳವಲ್ಲದೆ ಮಾರಾಟದ ಮೇಲೆ ಪಾಲೂ ಇರಲಿಲ್ಲ, ಪೆಟ್ಟಿಗೆಯ ಮೇಲೆ ಹೆಸರೂ ಇರಲಿಲ್ಲ. ನಾಲ್ವರು ನೌಕರರು ಹೊರನಡೆದು 1979ರಲ್ಲಿ ಆಕ್ಟಿವಿಷನ್ ಎಂಬ ಸ್ವಂತ ಕಂಪೆನಿಯನ್ನು ಸ್ಥಾಪಿಸಿ, ಅಟಾರಿಯ ಯಂತ್ರಕ್ಕೇ ಕಾರ್ಟ್ರಿಜ್ ತಯಾರಿಸತೊಡಗಿದರು. ಅಟಾರಿ ದಾವೆ ಹೂಡಿತಾದರೂ ವಿವಾದವು ಕೊನೆಗೆ ರಾಯಧನ ಪಾವತಿಯ ರಾಜಿಯಲ್ಲಿ ಮುಗಿಯಿತು. ಅಂದರೆ, ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಬಿಡಿಸರಕು ಮಾಡಬಹುದೆಂಬುದು ಇತ್ಯರ್ಥವಾದಂತಾಯಿತು. ದಾರಿ ತೆರೆದೊಡನೆ ಜನ ನುಗ್ಗಿದರು. ಓಟ್ಸ್ ಮಾರುವ ಕ್ವೇಕರ್ ಕಂಪೆನಿ ಸಹ ಒಂದು ಆಟದ ವಿಭಾಗವನ್ನು ಹೊಂದಿತ್ತೆಂದರೆ ಉಳಿದುದನ್ನು ಊಹಿಸಿಕೊಳ್ಳಬಹುದು. 1982ರಲ್ಲಿ ಒಂದು ಸಣ್ಣ ಕಂಪೆನಿಯು ಮೂಲನಿವಾಸಿ ಮಹಿಳೆಯ ಮೇಲಿನ ದೌರ್ಜನ್ಯವನ್ನೇ ವಿನೋದವಾಗಿ ಚಿತ್ರಿಸಿದ ಆಟವನ್ನು ಹೊರತಂದು, ಮಹಿಳಾ ಸಂಘಟನೆಗಳ ಹಾಗೂ ಮೂಲನಿವಾಸಿಗಳ ಪ್ರತಿಭಟನೆಗೆ ಗುರಿಯಾಯಿತು. ಯಂತ್ರ ತನ್ನದಾದುದರಿಂದ ಅಪಕೀರ್ತಿ ಅಟಾರಿಗೂ ತಟ್ಟಿತು.

ಮುಂಗಡ ಬೇಡಿಕೆಯ ಭ್ರಮೆ

ಈಗ ನಮಗೆ ನಿಜವಾಗಿ ಸಂಬಂಧಿಸಿದ ಭಾಗಕ್ಕೆ ಬರೋಣ. 1981ರಲ್ಲಿ ಅಟಾರಿಯ ಸರಕಿಗೆ ಎಷ್ಟು ಬೇಡಿಕೆಯಿತ್ತೆಂದರೆ ವಿತರಕರಿಗೆ ಕೇಳಿದಷ್ಟು ಸಿಗುತ್ತಿರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಂಪೆನಿಯು, 1982ರ ಇಡೀ ವರ್ಷಕ್ಕೆ ಬೇಕಾದ ಸರಕಿನ ಬೇಡಿಕೆಯನ್ನು ಈಗಲೇ ಸಲ್ಲಿಸಬೇಕೆಂದು ವಿತರಕರಿಗೆ ಸೂಚಿಸಿತು. ವಿತರಕರು ಮಾಡಿದ್ದೇನು? ಹೇಗೂ ಕೇಳಿದುದರಲ್ಲಿ ಒಂದು ಭಾಗ ಮಾತ್ರ ಬರುವುದೆಂದು ಲೆಕ್ಕಹಾಕಿ ಅಗತ್ಯಕ್ಕಿಂತ ಬಹಳ ಹೆಚ್ಚಿಗೆ ಬರೆದುಕೊಟ್ಟರು. ಸಿಮೆಂಟಿಗೆ ಪರ್ಮಿಟ್ಟಿದ್ದ ಕಾಲವನ್ನು ಕಂಡ ನಮ್ಮ ಹಿರಿಯ ಸದಸ್ಯರಿಗೆ ಈ ಜಾಣತನ ಹೊಸತೇನಲ್ಲ. ಅಟಾರಿಯು ಆ ಅಂಕಿಗಳನ್ನೇ ನಂಬಿ ಉತ್ಪಾದನೆಯನ್ನು ಏರಿಸಿತು. ಅಷ್ಟರಲ್ಲಿ ಪ್ರತಿಸ್ಪರ್ಧಿಗಳ ಕಾರ್ಟ್ರಿಜ್‌ಗಳು ಅಂಗಡಿಗಳನ್ನು ತುಂಬಿದ್ದವು. ಸರಕು ಪೂರ್ಣವಾಗಿ ಬರತೊಡಗಿದಾಗ ವಿತರಕರು ಬೇಡಿಕೆಗಳನ್ನು ರದ್ದುಪಡಿಸಲಾರಂಭಿಸಿದರು.

‘ಪ್ಯಾಕ್‌ಮ್ಯಾನ್’ ಆಟದ ಸುಮಾರು 1 ಕೋಟಿ 20 ಲಕ್ಷ ಕಾರ್ಟ್ರಿಜ್‌ಗಳನ್ನು ಆ ವರ್ಷ ತಯಾರಿಸಲಾಯಿತು. ಬಳಕೆಯಲ್ಲಿದ್ದ ಯಂತ್ರಗಳಾದರೋ ಸುಮಾರು 1 ಕೋಟಿ. ಈ ಆಟಕ್ಕಾಗಿಯೇ ಹೊಸಬರು ಯಂತ್ರವನ್ನೂ ಕೊಳ್ಳುವರೆಂಬುದು ಲೆಕ್ಕಾಚಾರ. ಸುಮಾರು 70 ಲಕ್ಷ ಮಾರಾಟವಾದವು. ಅದು ಸಣ್ಣ ಸಂಖ್ಯೆಯಲ್ಲ. ಆದರೆ ತಯಾರಿಕೆಯ ಪ್ರಮಾಣದ ಎದುರು ಆ ಯಶಸ್ಸೇ ಹೊರೆಯಾಯಿತು. ನಂತರ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಚಲನಚಿತ್ರದ ಹಕ್ಕನ್ನು 2 ಕೋಟಿ ಡಾಲರ್‌ಗಳಿಗೂ ಮಿಗಿಲೆಂದು ವರದಿಯಾದ ಮೊತ್ತಕ್ಕೆ ಪಡೆದು, ಕ್ರಿಸ್‌ಮಸ್ ಮಾರಾಟದ ಗಡುವನ್ನು ಹಿಡಿಯಲು ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬರೇ ತಂತ್ರಜ್ಞರಿಂದ ಸುಮಾರು ಐದು ವಾರಗಳಲ್ಲಿ ಆಟವನ್ನು ಸಿದ್ಧಪಡಿಸಲಾಯಿತು. ತಯಾರಾದುದು ಸುಮಾರು 40 ಲಕ್ಷ, ಗ್ರಾಹಕರು ಕೊಂಡದ್ದು ಸುಮಾರು 15 ಲಕ್ಷವೆಂದು ಅಂದಾಜು. ಇಂದಿಗೂ ಈ ಪತನದ ಹೊಣೆಯನ್ನೆಲ್ಲ ಆ ಒಂದು ಆಟದ ಮೇಲೆ ಹೊರಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಲ್ಲ. 40 ಲಕ್ಷ ತಯಾರಿಸಿರೆಂದು ಆ ತಂತ್ರಜ್ಞರು ಹೇಳಿರಲಿಲ್ಲ.

1982ರ ಡಿಸೆಂಬರ್ 7ರಂದು ವಾರ್ನರ್ ಸಂಸ್ಥೆಯು, ಅಟಾರಿಯ ಮಾರಾಟವು ನಿರೀಕ್ಷಿಸಿದ್ದಂತೆ ಶೇ. 50ರಷ್ಟು ಹೆಚ್ಚಲಾರದು, ಸುಮಾರು ಶೇ. 15ರಷ್ಟು ಮಾತ್ರ ಹೆಚ್ಚಬಹುದೆಂದು ಪ್ರಕಟಿಸಿತು. ಮಾರಾಟ ಇಳಿಯುವುದೆಂದಲ್ಲ, ಏರಿಕೆ ಕಡಿಮೆಯೆಂದಷ್ಟೇ. ಆದರೂ ವಾರ್ನರ್ ಷೇರಿನ ಬೆಲೆ ಸುಮಾರು ಮೂರನೆಯ ಒಂದು ಭಾಗದಷ್ಟು ಕುಸಿಯಿತು. ಪ್ರಕಟಣೆಗೆ 23 ನಿಮಿಷ ಮೊದಲು ಕಸ್ಸಾರ್ ಅವರು ತಮ್ಮ 5,000 ಷೇರುಗಳನ್ನು ಮಾರಿದ್ದರು. ಷೇರು ವ್ಯವಹಾರ ನಿಯಂತ್ರಣ ಆಯೋಗವು ಪ್ರಕರಣ ದಾಖಲಿಸಿದಾಗ ಅವರು ತಪ್ಪನ್ನು ಒಪ್ಪಿಕೊಳ್ಳದೆಯೂ ಅಲ್ಲಗಳೆಯದೆಯೂ ಸುಮಾರು 81 ಸಾವಿರ ಡಾಲರ್‌ಗಳನ್ನು ಹಿಂದಿರುಗಿಸಿ ರಾಜಿ ಮಾಡಿಕೊಂಡರು.

ಲೆಕ್ಕಪತ್ರದ ದೃಷ್ಟಿ

ಕಾರ್ಖಾನೆಯಿಂದ ವಿತರಕರಿಗೆ ಹೋದ ಸರಕು ಬಿಲ್ಲಿನ ಮಟ್ಟಿಗೆ ಮಾರಾಟವೇ. ಆದರೆ ಮಾರಾಟವಾಗದಿದ್ದರೆ ಹಿಂದಿರುಗಿಸುವ ಹಕ್ಕನ್ನು ಕರಾರಿನಿಂದಾಗಲಿ ರೂಢಿಯಿಂದಾಗಲಿ ಕೊಳ್ಳುವವನಿಗೆ ಕೊಟ್ಟಿದ್ದರೆ, ಆ ಮೊತ್ತವನ್ನು ಪೂರ್ತಿ ಆದಾಯವೆಂದು ತೋರಿಸುವುದು ಸರಿಯೇ? ಅಮೆರಿಕದ ಲೆಕ್ಕಪತ್ರ ಮಾನಕ ಮಂಡಳಿಯು 1981ರಲ್ಲಿಯೇ ಇದಕ್ಕಾಗಿ 48ನೆಯ ಮಾನಕವನ್ನು ಹೊರಡಿಸಿತ್ತು. ವಾಪಸಾತಿಯನ್ನು ಸಮಂಜಸವಾಗಿ ಅಂದಾಜು ಮಾಡಲು ಸಾಧ್ಯವಿದ್ದರೆ ಅಷ್ಟನ್ನು ಕಳೆದು ಆದಾಯ ತೋರಿಸತಕ್ಕದ್ದು. ಸಾಧ್ಯವಿಲ್ಲದಿದ್ದರೆ ಆ ಹಕ್ಕು ತೀರುವವರೆಗೆ ಕಾಯತಕ್ಕದ್ದು. ಅಟಾರಿಯು ಇದನ್ನು ಉಲ್ಲಂಘಿಸಿತೆಂದು ನಾನು ಹೇಳುತ್ತಿಲ್ಲ. ತೊಡಕಿರುವುದು ‘ಅಂದಾಜು’ ಎಂಬ ಪದದಲ್ಲಿ. ವರ್ಷದಿಂದ ವರ್ಷಕ್ಕೆ ಏರಿಕೆಯನ್ನೇ ಕಂಡ ಉದ್ಯಮಕ್ಕೆ ವಾಪಸಾತಿಯ ಅನುಭವವೇ ಇರುವುದಿಲ್ಲ.

ನಮ್ಮಲ್ಲಿ ‘ಜಾಕಡ್’ ಎಂದು ಕರೆಯಲಾಗುವ ಒಪ್ಪಿಗೆಯ ಮೇಲಿನ ರವಾನೆಗೂ ಇದೇ ತತ್ತ್ವ ಅನ್ವಯಿಸುತ್ತದೆ. ನಮ್ಮ ಲೆಕ್ಕಪತ್ರ ಮಾನಕ 9ರ ಪ್ರಕಾರ ಕೊಳ್ಳುವವನು ಸರಕನ್ನು ಸ್ವೀಕರಿಸುವವರೆಗೆ ಅಥವಾ ತಿರಸ್ಕರಿಸುವ ಅವಧಿ ಮುಗಿಯುವವರೆಗೆ ಅದು ಆದಾಯವಲ್ಲ. ಜಿ.ಎಸ್.ಟಿ. ಕಾಯಿದೆಯ 31(7)ನೆಯ ಪ್ರಕರಣದಂತೆ, ಇಂತಹ ಸರಕಿಗೆ ಪೂರೈಕೆಯಾಗುವಾಗ ಅಥವಾ ಕಳುಹಿಸಿದ ದಿನದಿಂದ ಆರು ತಿಂಗಳು, ಇವೆರಡರಲ್ಲಿ ಮೊದಲು ಬರುವ ದಿನಕ್ಕೆ ಬಿಲ್ಲು ಮಾಡಲೇಬೇಕು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಗುರಿ ತಲುಪಲೆಂದು ಸರಕು ತಳ್ಳಿ, ಏಪ್ರಿಲ್‌ನಲ್ಲಿ ಕ್ರೆಡಿಟ್ ನೋಟ್ ಕೊಡುವ ಪರಿಪಾಠವನ್ನು ನಾನು ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಅಲ್ಲಿ ಲಾಭ ಹೆಚ್ಚಿದಂತೆ ಕಾಣುತ್ತದೆ; ಅದರ ಮೇಲೆ ತೆರಿಗೆಯನ್ನೂ ಕಟ್ಟಲಾಗುತ್ತದೆ; ನಗದು ಮಾತ್ರ ಬಂದಿರುವುದಿಲ್ಲ.

ಸಣ್ಣ ಚಿಲ್ಲರೆ ವ್ಯಾಪಾರಿಗೆ ಈ ಪ್ರಕರಣದ ಇನ್ನೊಂದು ಮುಖವೂ ಮುಖ್ಯ. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ಅಂಗಡಿಯವರು ಹಿಂದಿರುಗಿಸಹೋದಾಗ ಹೊಸ ತಯಾರಕರಲ್ಲಿ ಹಲವರ ಬಳಿ ಮರಳಿಸಲು ಹಣವಿರಲಿಲ್ಲ, ಬದಲಿಗೆ ಕೊಡಲು ಹೊಸ ಸರಕೂ ಇರಲಿಲ್ಲ. ಕೆಲವರು ಬಾಗಿಲನ್ನೇ ಹಾಕಿದ್ದರು. ವಾಪಸಾತಿಯ ಹಕ್ಕು ಕಾಗದದ ಮೇಲೆ ಉಳಿಯಿತು. ಆಗ ಅಂಗಡಿಯವರು 35 ಡಾಲರ್‌ಗಳ ಆಸುಪಾಸಿನ ಸರಕನ್ನು 5 ಡಾಲರ್‌ಗಳಿಗೆ ಬುಟ್ಟಿಯಲ್ಲಿ ಸುರಿದು ಮಾರಿದರು. ಬುಟ್ಟಿಯಲ್ಲಿ 5 ಡಾಲರ್‌ಗಳಿಗೆ ಆಟ ಸಿಗುವಾಗ ಕಪಾಟಿನಲ್ಲಿನ ಹೊಸ ಆಟಕ್ಕೆ 35 ಕೊಡುವವರಾರು? ಒಳ್ಳೆಯ ತಯಾರಕರ ಸರಕೂ ಹೀಗೆ ನೆಲಕಚ್ಚಿತು.

ಅಟಾರಿಯ 1983ರ ನಷ್ಟ 50 ಕೋಟಿ ಡಾಲರ್‌ಗಳನ್ನು ಮೀರಿತು. ಆ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಎಲ್ ಪಾಸೊ ಉಗ್ರಾಣದಿಂದ ಲಾರಿಗಟ್ಟಲೆ ಸರಕನ್ನು ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಸುರಿದು ಮೇಲೆ ಕಾಂಕ್ರೀಟ್ ಹಾಕಲಾಯಿತು. 1984ರ ಜುಲೈನಲ್ಲಿ ವಾರ್ನರ್ ಸಂಸ್ಥೆಯು ಮನೆಬಳಕೆಯ ವಿಭಾಗವನ್ನು ಜ್ಯಾಕ್ ಟ್ರಮಿಯೆಲ್ ಅವರಿಗೆ ವಹಿಸಿಕೊಟ್ಟಿತು. ಬಂದುದು ನಗದಲ್ಲ, ಸಾಲಪತ್ರ. 2014ರ ಏಪ್ರಿಲ್‌ನಲ್ಲಿ ಆ ಗುಂಡಿಯನ್ನು ಅಗೆದಾಗ ಸುಮಾರು 1,300 ಕಾರ್ಟ್ರಿಜ್‌ಗಳು ದೊರೆತವು. ಅವು ‘ಇ.ಟಿ.’ ಮಾತ್ರವಾಗಿರದೆ ಹಲವಾರು ಆಟಗಳದ್ದಾಗಿದ್ದವು. ಅವುಗಳಲ್ಲಿ ಹಲವನ್ನು ಹರಾಜು ಹಾಕಿದಾಗ ಒಟ್ಟು ಒಂದು ಲಕ್ಷ ಡಾಲರ್‌ಗಳಿಗೂ ಹೆಚ್ಚು ಹಣ ಬಂದಿತು. ಲೆಕ್ಕದಲ್ಲಿ ಎಂದೋ ಶೂನ್ಯವಾಗಿದ್ದ ದಾಸ್ತಾನಿಗೆ ಇಂತಹ ಮರುಜನ್ಮ ಅಪರೂಪ.

ಬಾಗಿಲಿಗೆ ಬೀಗ

ಅಂಗಡಿಯವರ ನಂಬಿಕೆಯನ್ನು ಮರಳಿ ಗಳಿಸಿದ್ದು ಜಪಾನಿನ ನಿಂಟೆಂಡೊ. 1985ರಲ್ಲಿ ನ್ಯೂಯಾರ್ಕ್‌ನಲ್ಲಿ ತನ್ನ ಯಂತ್ರವನ್ನು ಪ್ರಾಯೋಗಿಕವಾಗಿ ಮಾರುವಾಗ ಅದು, ಸರಕನ್ನು ತಾನೇ ಇರಿಸಿ ಜೋಡಿಸುವುದಾಗಿಯೂ, 90 ದಿನಗಳ ನಂತರ ಮಾರಾಟವಾದಷ್ಟಕ್ಕೆ ಹಣ ಕೊಟ್ಟು ಉಳಿದುದನ್ನು ಹಿಂದಿರುಗಿಸಬಹುದೆಂದೂ ಒಪ್ಪಿಕೊಂಡಿತು. ಅಪಾಯವನ್ನು ಬಲ್ಲಿದನು ಹೊತ್ತನು. ಆದರೆ ಆಟ ರಚಿಸುವ ಕಂಪೆನಿಗಳ ಮೇಲೆ ಅದು ವಿಧಿಸಿದ ಷರತ್ತುಗಳು ಕಠಿಣ. ಯಂತ್ರದೊಳಗೆ ಬೀಗದಂತಹ ಚಿಪ್. ಪರವಾನಗಿಯಿಲ್ಲದ ಕಾರ್ಟ್ರಿಜ್ ನಡೆಯದು. ವರ್ಷಕ್ಕೆ ಐದೇ ಆಟಗಳು. ಎರಡು ವರ್ಷ ಆ ಆಟವನ್ನು ಬೇರೆ ಯಂತ್ರಕ್ಕೆ ಕೊಡಬಾರದು. ಕಾರ್ಟ್ರಿಜ್‌ಗಳನ್ನು ನಿಂಟೆಂಡೊದಿಂದಲೇ ಮಾಡಿಸಿಕೊಳ್ಳಬೇಕು.

ಅಟಾರಿಯ ಇನ್ನೊಂದು ಶಾಖೆಯಾಗಿದ್ದ ಅಟಾರಿ ಗೇಮ್ಸ್ ಈ ಬೀಗವನ್ನು ಭೇದಿಸಿತು. ಆದರೆ ಚಿಪ್‌ನ ಕ್ರಮವಿಧಿಯ ಪ್ರತಿಯನ್ನು ಕೃತಿಸ್ವಾಮ್ಯ ಕಚೇರಿಯಿಂದ ಸುಳ್ಳು ಹೇಳಿಕೆ ನೀಡಿ ಪಡೆದಿದ್ದುದರಿಂದ 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ನಿಂಟೆಂಡೊ ಪರ ನಿಂತಿತು. ಅದೇ ವರ್ಷ ಸೆಗಾ ಮತ್ತು ಅಕೊಲೇಡ್ ನಡುವಣ ಮೊಕದ್ದಮೆಯಲ್ಲಿ, ಮಾರುಕಟ್ಟೆಯಲ್ಲಿ ಕೊಂಡ ಸರಕನ್ನೇ ಬಿಚ್ಚಿ ಅಭ್ಯಸಿಸಿ ಅದಕ್ಕೆ ಹೊಂದುವ ಆಟ ತಯಾರಿಸುವುದು ನ್ಯಾಯಸಮ್ಮತ ಬಳಕೆಯೆಂದು ಮತ್ತೊಂದು ಮೇಲ್ಮನವಿ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಈ ಎರಡು ತೀರ್ಪುಗಳನ್ನು ಜೊತೆಯಲ್ಲಿಟ್ಟು ಓದಬೇಕು.

ಹಿಂಸೆಯ ಆಟಗಳ ಕುರಿತು 1993ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಸರ್ಕಾರ ಕಾನೂನು ಮಾಡುವ ಮೊದಲೇ ಉದ್ಯಮವು 1994ರಲ್ಲಿ ವಯಸ್ಸಿಗನುಗುಣವಾದ ವರ್ಗೀಕರಣ ಮಂಡಳಿಯನ್ನು ತಾನೇ ರಚಿಸಿಕೊಂಡಿತು.

ಚಿಲ್ಲರೆ ವ್ಯಾಪಾರಿಗೆ ಆಸರೆಯಾಗಿ ಬಂದ ನಿಂಟೆಂಡೊ ಕ್ರಮೇಣ ಅವನ ಬೆಲೆಯನ್ನೂ ನಿರ್ದೇಶಿಸಿತೆಂಬ ಆರೋಪಕ್ಕೆ ಗುರಿಯಾಯಿತು. 99.95 ಡಾಲರ್‌ಗಳಿಗಿಂತ ಕಡಿಮೆಗೆ ಯಂತ್ರ ಮಾರಬಾರದೆಂದು ಅಂಗಡಿಗಳ ಮೇಲೆ ಒತ್ತಡ ಹೇರಿತೆಂದು ಫೆಡರಲ್ ಟ್ರೇಡ್ ಕಮಿಷನ್ ಹಾಗೂ ರಾಜ್ಯಗಳು ಕ್ರಮ ಕೈಗೊಂಡವು. 1991ರ ರಾಜಿಯಂತೆ ನಿಂಟೆಂಡೊ ಗ್ರಾಹಕರಿಗೆ ತಲಾ 5 ಡಾಲರ್‌ಗಳ ಕೂಪನ್ ಕೊಡಬೇಕಾಯಿತು. ಆ ಕೂಪನ್ನನ್ನು ಬಳಸಬೇಕಾದರೆ ಕೊಳ್ಳಬೇಕಾದುದು ಮತ್ತೆ ನಿಂಟೆಂಡೊ ಆಟವನ್ನೇ! ನಮ್ಮ ದೇಶದಲ್ಲಿ ಮರುಮಾರಾಟದ ಬೆಲೆಯನ್ನು ಕಟ್ಟಿಹಾಕುವ ಕರಾರು, ಸ್ಪರ್ಧೆಗೆ ಗಣನೀಯ ಧಕ್ಕೆ ತರುವಂತಿದ್ದರೆ, 2002ರ ಸ್ಪರ್ಧಾ ಕಾಯಿದೆಯ 3(4)ನೆಯ ಪ್ರಕರಣಕ್ಕೆ ಒಳಪಡುತ್ತದೆ. ಕನಿಷ್ಠ ಬೆಲೆಯ ಷರತ್ತುಳ್ಳ ಏಜೆನ್ಸಿ ಕರಾರು ಕೈಗೆ ಬಂದಾಗ ಸಹಿಗೆ ಮುನ್ನ ಆ ಪುಟವನ್ನೂ, ವಾಪಸಾತಿಯ ಷರತ್ತಿನ ಪುಟವನ್ನೂ ವಕೀಲರಿಗೊಮ್ಮೆ ತೋರಿಸುವುದು ಉಚಿತ.